ಬರಹಗಾರರ ಪ್ರಶ್ನೆಗಳಿಗೆ ಉತ್ತರ: ಸಹಿ ಮತ್ತು ಸಂಬಳ

ಪ್ರಶ್ನೆ: ನನ್ನ ಮೊದಲ ಕಾದಂಬರಿಯನ್ನು ಪ್ರಕಟಿಸಲು ಪ್ರಕಾಶಕರೊಬ್ಬರು ಒಪ್ಪಿದ್ದಾರೆ. ಗೌರವಧನದ ಬದಲು 50 ಪ್ರತಿ ಕೊಡುತ್ತಾರಂತೆ. ‘ಕೃತಿಯ ಸಕಲ ಹಕ್ಕುಗಳನ್ನೂ ಶಾಶ್ವತವಾಗಿ ವಹಿಸಿಕೊಟ್ಟಿದ್ದೇನೆ’ ಎಂಬ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಬಹುದೇ?
– ಓದುಗರು, ಶಿರಸಿ

ಉತ್ತರ: ಪತ್ರ ಈಗಿರುವ ರೂಪದಲ್ಲಂತೂ ಬೇಡ. ಪ್ರತಿಗಳ ವಿಷಯಕ್ಕೆ ನಾನು ಜಗಳ ತೆಗೆಯುವುದಿಲ್ಲ. 200 ರೂಪಾಯಿ ಬೆಲೆಯ ಪುಸ್ತಕ ಸಾವಿರ ಪ್ರತಿ ಮಾರಾಟವಾಗಿ, ಶೇಕಡಾ 10ರಂತೆ ಗೌರವಧನ ಬಂದರೂ ನಿಮ್ಮ ಕೈಗೆ ಸೇರುವುದು 20,000 ರೂಪಾಯಿ. ಹೊಸಬರ ಕಾದಂಬರಿ ಅಷ್ಟು ಮಾರಾಟವಾಗುವುದೇ ಅಪರೂಪ. ನನ್ನ ತಕರಾರು ಇರುವುದು ‘ಶಾಶ್ವತವಾಗಿ’ ಎಂಬ ಒಂದೇ ಪದದ ಮೇಲೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕು ವಹಿಸಿಕೊಡುವ ಪತ್ರದಲ್ಲಿ ಅವಧಿಯನ್ನು ಹೇಳದೆ ಬಿಟ್ಟಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತ. ಅಂದರೆ ಕಾಯ್ದೆ ಲೇಖಕರಿಗೆಂದು ಕಾದಿರಿಸಿದ ಈ ರಕ್ಷಣೆಯನ್ನು ನೀವೇ ಸಹಿ ಮಾಡಿ ಬಿಟ್ಟುಕೊಡುತ್ತಿದ್ದೀರಿ. ಕೃತಿಸ್ವಾಮ್ಯ ಲೇಖಕರ ಜೀವಿತಾವಧಿಯನ್ನೂ ದಾಟಿ ಮುಂದೆ 60 ವರ್ಷ ಉಳಿಯುವುದರಿಂದ, ಇಂದಿನ ಈ ಸಹಿ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಚಾಚುತ್ತದೆ.

‘ಕನ್ನಡದಲ್ಲಿ ಮೊದಲ ಮುದ್ರಣ, 1000 ಪ್ರತಿ’ ಎಂದಷ್ಟೇ ಬರೆದುಕೊಡಿ. ಅನುವಾದ, ನಾಟಕ, ಸಿನಿಮಾ, ಇ-ಪುಸ್ತಕ, ಧ್ವನಿಪುಸ್ತಕಗಳ ಹಕ್ಕು ಲೇಖಕರದೇ ಎಂದು ಪ್ರತ್ಯೇಕವಾಗಿ ನಮೂದಿಸಿ. ಸಂಕೋಚ ಬೇಡ, ಬಹಳಷ್ಟು ಪ್ರಕಾಶಕರು ಹಳೆಯ ಪತ್ರದ ಒಕ್ಕಣೆಯನ್ನೇ ನಕಲು ಮಾಡಿ ಕಳಿಸುತ್ತಾರೆ, ಕೇಳಿದರೆ ತಿದ್ದುತ್ತಾರೆ. ತಿದ್ದಲು ಒಪ್ಪದವರಿಗೆ ಹಸ್ತಪ್ರತಿ ಕೊಡುವುದಕ್ಕಿಂತ ಇನ್ನೊಂದು ವರ್ಷ ಕಾಯುವುದು ಲೇಸು.

ಪ್ರಶ್ನೆ: ಬ್ಯಾಂಕಿನ ಕೆಲಸ ಬಿಟ್ಟು ಪೂರ್ಣಾವಧಿ ಬರೆಯಬೇಕೆಂದಿದ್ದೇನೆ. ನಿಮ್ಮ ಸಲಹೆ?
– ಓದುಗರು, ದಾವಣಗೆರೆ

ಉತ್ತರ: ಮೇಲಿನ 20,000 ರೂಪಾಯಿಯ ಲೆಕ್ಕವನ್ನು ನಿಮ್ಮ ಮನೆಯ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕತೆ ಬರೆದರು, ಕುವೆಂಪು ಪಾಠ ಹೇಳಿದರು, ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದರು. ಅ.ನ.ಕೃ. ಅವರಂತೆ ಬರವಣಿಗೆಯನ್ನೇ ನೆಚ್ಚಿ ಬದುಕಿದವರು ಬೆರಳೆಣಿಕೆಯಷ್ಟು, ಅದಕ್ಕಾಗಿ ಅವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆಯಬೇಕಾಯಿತು. ಗಳಗನಾಥರಂತೂ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕೌಂಟರಿನ ಆಚೆ ನಿಂತು ಸಾಲದ ಅರ್ಜಿ ತುಂಬಿಸಿಕೊಳ್ಳುವವರ ಮಾತು, ಮೌನ, ಅಂಜಿಕೆಗಳು ನಿಮಗೆ ದಿನವೂ ಸಿಗುತ್ತಿರುವಾಗ, ಸದ್ಯಕ್ಕೆ ರಾಜೀನಾಮೆಯ ಬದಲು ಗಳಿಕೆ ರಜೆಯ ಅರ್ಜಿ ಬರೆಯಿರಿ.