ಐರ್ಲೆಂಡಿನ ವರ್ತುಲ ಕೋಟೆಗಳು ಯಾರನ್ನು ತಡೆಯುತ್ತಿದ್ದವು?

ವರ್ತುಲ ಕೋಟೆ ಎಂದರೆ ಸುತ್ತಲೂ ಕಂದಕ ತೋಡಿ, ಅದರ ಮಣ್ಣನ್ನೇ ದಿಬ್ಬವಾಗಿ ಎತ್ತಿ ಹಾಕಿದ ದುಂಡನೆಯ ಆವರಣ. ಇಂಥ ಒಂದು ಸುತ್ತುದಿಬ್ಬ ಶತ್ರುಸೈನ್ಯವನ್ನು ಹೇಗೆ ತಡೆದೀತು ಎಂದು ತಾವು ಕೇಳಿದ್ದೀರಿ. ಸೈನ್ಯವನ್ನು ತಡೆಯುವುದು ಅದರ ಉದ್ದೇಶವೇ ಆಗಿರಲಿಲ್ಲ. ಐರ್ಲೆಂಡಿನಲ್ಲಿ ಗುರುತಿಸಲಾಗಿರುವ ಸುಮಾರು 45,000 ವರ್ತುಲ ಕೋಟೆಗಳಲ್ಲಿ ಬಹುಪಾಲು ಒಂದೊಂದು ರೈತ ಕುಟುಂಬದ ವಾಸಸ್ಥಾನಗಳು. ಹಾಲು ಕರೆಯುವ ಹಸುಗಳಿಂದಲೇ ಮನೆತನದ ಅಂತಸ್ತನ್ನು ಅಳೆಯುತ್ತಿದ್ದ, ಮಧ್ಯಯುಗದ ಆರಂಭದ ಆ ಸಮಾಜದಲ್ಲಿ, ಹಠಾತ್ತನೆ ನುಗ್ಗಿ ದನ ಹೊಡೆದುಕೊಂಡು ಹೋಗುವ ಸಣ್ಣ ಗುಂಪುಗಳ ಭಯ ಮತ್ತು ತೋಳಗಳ ಕಾಟ ದಿನನಿತ್ಯದ್ದಾಗಿದ್ದವು. ಅಂಥವರನ್ನು ಕೆಲಹೊತ್ತು ತಡೆದು ನಿಲ್ಲಿಸಲು ಕಂದಕ, ದಿಬ್ಬ ಮತ್ತು ಒಂದೇ ಕಿರಿದಾದ ದ್ವಾರ ಸಾಕಾಗುತ್ತಿದ್ದವು.

ಒಳಗಿನ ಬದುಕನ್ನು ತಿಳಿಯಲು ಆಂಟ್ರಿಮ್ ಕೌಂಟಿಯ ಡಿಯರ್ ಪಾರ್ಕ್ ಫಾರ್ಮ್ಸ್ ಎಂಬ ವರ್ತುಲ ಕೋಟೆಯ ನೆಲೆಯನ್ನು ನೋಡಲೇಬೇಕು. 1980ರ ದಶಕದ ಉತ್ಖನನದಲ್ಲಿ, ಸದಾ ತೇವವಾಗಿದ್ದ ಮಣ್ಣಿನಲ್ಲಿ ಕೊಳೆಯದೆ ಉಳಿದಿದ್ದ ದುಂಡು ಮನೆಗಳು ಅಲ್ಲಿ ದೊರೆತವು. ಕಡ್ಡಿ ಹೆಣೆದ ಎರಡು ತಡಿಕೆ ಗೋಡೆಗಳ ನಡುವೆ ಚಳಿ ತಡೆಯಲೆಂದು ಹುಲ್ಲು, ಹಾವಸೆಗಳನ್ನು ತುಂಬಿದ್ದರು. ಒಂದು ಮನೆಯ ಬಾಗಿಲಿಗೆ ಬಳಸಿದ ಓಕ್ ಮರವನ್ನು ಕ್ರಿ.ಶ. 648ರಲ್ಲಿ ಕಡಿದದ್ದೆಂದು ಅದರ ವಾರ್ಷಿಕ ಉಂಗುರಗಳೇ ಹೇಳುತ್ತವೆ. ಇಷ್ಟು ಕಾಳಜಿಯಿಂದ ಕಟ್ಟಿದ ಮನೆಯನ್ನು ಯುದ್ಧದ ನೆಲೆ ಎನ್ನುವುದಕ್ಕಿಂತ ಭದ್ರವಾದ ತೋಟದ ಮನೆ ಎಂದು ಕಾಣುವುದೇ ಹೆಚ್ಚು ಸರಿಯೆಂದು ನನ್ನ ದೃಢವಾದ ಅಭಿಪ್ರಾಯ.