ಎಲ್ಲರೂ ಪ್ರಾರ್ಥಿಸಿದರೂ ಅವ್ವ ಉಳಿಯಲಿಲ್ಲ

ಪ್ರಶ್ನೆ: ನಾನು ಬೀದರ್‌ನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮದು ಮೆಥೋಡಿಸ್ಟ್ ಪಂಗಡದ ಕ್ರೈಸ್ತ ಕುಟುಂಬ. ಹೋದ ವರ್ಷ ಅವ್ವ ಕ್ಯಾನ್ಸರ್‌ನಿಂದ ತೀರಿಕೊಂಡಳು. ಇಡೀ ಸಭೆ ಉಪವಾಸ ಪ್ರಾರ್ಥನೆ ಮಾಡಿತ್ತು. ಈಗ ಸಾಕ್ಷಿ ಇಲ್ಲದೆ ಏನನ್ನೂ ನಂಬೋಕೆ ಆಗುತ್ತಿಲ್ಲ. ಅಪ್ಪ ಪ್ರತಿ ರವಿವಾರ ಚರ್ಚಿಗೆ ಕರೆಯುತ್ತಾರೆ. ನಂಬಿಕೆ ಇಲ್ಲದೆ ಹೋಗಿ ಕೂತರೆ ನಾಟಕ ಅಲ್ವಾ?

ಉತ್ತರ: ತಂಗೀ, ಅವ್ವ ಯಾಕೆ ಹೋದರು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೈಬಲ್‌ನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ ಅನ್ನೋನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಕಾರಣ ಹೇಳೋಕೆ ಬಾಯಿ ತೆರೆದಾಗಲೇ ಅವರು ತಪ್ಪಿದ್ದು.

ಬುದ್ಧಿಯನ್ನು ಬದಿಗಿಡಿ ಅಂತ ನಾನು ಹೇಳಲ್ಲ. ಅದೂ ದೇವರು ಕೊಟ್ಟಿದ್ದೇ. ಆದರೆ ನಿಮ್ಮೂರಿನ ಬಿದರಿ ಕೆಲಸದವರ ಹತ್ತಿರ ಒಮ್ಮೆ ಕೂತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಯಾಕೆ ಅಂತ ನೀವು ಬೋರ್ಡ್ ಮೇಲೆ ಬರೆದು ತೋರಿಸುತ್ತೀರಿ. ಆದರೆ ಆ ಮಣ್ಣು ಕೆಲಸಕ್ಕೆ ಬರುತ್ತಾ ಅಂತ ಅವರು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಾರೆ. ದೂರ ನಿಂತವರಿಗೆ ಆ ರುಚಿ ಸಿಗಲ್ಲ. ಬೈಬಲ್‌ನ 34ನೇ ಕೀರ್ತನೆ ದೇವರನ್ನೂ ಸವಿದು ನೋಡಿ ಅಂತಲೇ ಕರೆಯುತ್ತದೆ. ಅವ್ವನ ಪ್ರೀತಿ ನಿಮಗೆ ಗೊತ್ತಾಗಿದ್ದೂ ಕೈತುತ್ತು ತಿಂದೇ ಅಲ್ವಾ?

ಕ್ಯಾನ್ಸರ್ ಹೇಗೆ ಹರಡಿತು ಅಂತ ಬುದ್ಧಿ ಹೇಳುತ್ತದೆ. ಮಣ್ಣು ಕೊಟ್ಟು ಮನೆಗೆ ಬಂದ ರಾತ್ರಿ ಅದು ಜೊತೆಗೆ ಕೂತು ಅಳಲ್ಲ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿ ಅತ್ತರು. ನಾನು ಅವರನ್ನು ಹಿಡಿದುಕೊಂಡಿರುವುದು ಅದಕ್ಕೇ. ಸಾವಿನ ಒಳಗೆ ಹೋಗಿ ಎದ್ದು ಬಂದವರು ಬೇರೆ ಯಾರಿದ್ದಾರೆ ನಮಗೆ?

ಇನ್ನು ನಾಟಕದ ಮಾತು. ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಯೇಸುವಿಗೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂದ. ಮಾರ್ಕನ ಸುವಾರ್ತೆ 9ನೇ ಅಧ್ಯಾಯದಲ್ಲಿದೆ. ಅರ್ಧ ನಂಬಿಕೆ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಅವನ ಮಗ ಉಳಿದ, ನಿಮ್ಮ ಅವ್ವ ಉಳಿಯಲಿಲ್ಲ. ಆ ಸಿಟ್ಟನ್ನೇ ಪ್ರಾರ್ಥನೆಯಲ್ಲಿ ಹೇಳಿ, ಬೈದರೂ ಪರವಾಗಿಲ್ಲ.

ಈ ರವಿವಾರ ಅಪ್ಪನಿಗೆ ನಿಜ ಹೇಳಿ: "ಬರ್ತೀನಿ, ಆದರೆ ಹಾಡೋಕೆ ಆಗಲ್ಲ." ಒಂದು ವರ್ಷದಿಂದ ಅವರು ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದಾರೆ. ಅವ್ವ ಹೋದ ಮೇಲೆ ಹೇಗೆ ಪ್ರಾರ್ಥಿಸುತ್ತಿದ್ದೀರಿ ಅಂತ ದಾರಿಯಲ್ಲಿ ಅವರನ್ನು ಕೇಳಿ.