ಕೇಳಿ, ಹೇಳುತ್ತೇವೆ: ಡಿಶ್ಶು, ಮಳೆ ಮತ್ತು ತೆಂಗಿನ ಮಡಲು

ಜೂನ್ ಹಿಡಿಯಿತೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ‘ಟಿವಿ ಬರುವುದಿಲ್ಲ’ ಎಂಬ ದೂರು. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಕೆಳಗೆ ಬರುವ ದಿಕ್ಕು, ಕೋನಗಳೆಲ್ಲ ಕಾಸರಗೋಡಿನ ಲೆಕ್ಕದವು. ಬೆಂಗಳೂರಿನ ನೆಂಟರು ಫೋನಿನಲ್ಲಿ ಹೇಳಿದ ಅಂಕಿಗಳನ್ನು ಇಲ್ಲಿಗೆ ತರಬೇಡಿ.

ಪ್ರಶ್ನೆ: ನಮ್ಮದು ಡಿಡಿ ಫ್ರೀ ಡಿಶ್. ಮೊದಲು ಜೋರು ಮಳೆಗೆ ಮಾತ್ರ ಚಿತ್ರ ಹೋಗುತ್ತಿತ್ತು. ಈಗ ಸಣ್ಣ ಮಳೆಗೂ ಹೋಗುತ್ತದೆ, ಮಳೆ ಬಿಟ್ಟು ಎರಡು ಗಂಟೆಯಾದರೂ ಬರುವುದಿಲ್ಲ. ಎಲ್‌ಎನ್‌ಬಿ (ಡಿಶ್ಶಿನ ಎದುರಿಗಿರುವ, ಸಿಗ್ನಲ್ ಹಿಡಿಯುವ ಡಬ್ಬಿ) ಹೋಗಿದೆ ಎನ್ನುತ್ತಾರೆ. ಬದಲಿಸಬೇಕೇ? (ಬದಿಯಡ್ಕ)

ಸದ್ಯಕ್ಕೆ ಬೇಡ. ನೀವು ಬರೆದ ‘ಎರಡು ಗಂಟೆ’ಯಲ್ಲೇ ಕಾಯಿಲೆ ಗೊತ್ತಾಗುತ್ತದೆ.

ಡಿಶ್ಶಿಗೆ ಬರುವ ಕೆಯು ಬ್ಯಾಂಡ್ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಹತ್ತಿರ. ದಪ್ಪ ಮಳೆಹನಿಗಳು ಅವನ್ನು ಹೀರುತ್ತವೆ, ಚದುರಿಸುತ್ತವೆ. ಇದು ಎಲ್ಲ ಮನೆಗಳಲ್ಲೂ ಆಗುವಂಥದ್ದು. ಅಂಗಳಕ್ಕೆ ಹನಿ ಬೀಳುವ ಮೊದಲೇ ಚಿತ್ರ ಒಡೆಯುವುದೂ ಇದರಿಂದಲೇ. ಸಿಗ್ನಲ್ ಓರೆಯಾಗಿ ಇಳಿಯುವುದರಿಂದ ಉಪಗ್ರಹವಿರುವ ಆಗ್ನೇಯ ದಿಕ್ಕಿಗೆ ಎರಡು–ಎರಡೂವರೆ ಕಿಲೋಮೀಟರ್ ಒಳಗೆ ಸುರಿಯುವ ಮಳೆಯೂ ನಿಮ್ಮ ದಾರಿಗೆ ಅಡ್ಡ ಬರುತ್ತದೆ. ಆದರೆ ಇದು ಮಳೆಯ ಜೊತೆಗೆ ಬಂದು ಮಳೆಯ ಜೊತೆಗೇ ಹೋಗಬೇಕು. ಮಳೆ ಸಣ್ಣದಾದ ಐದು–ಹತ್ತು ನಿಮಿಷದಲ್ಲಿ ಚಿತ್ರ ಬಾರದಿದ್ದರೆ ತಪ್ಪು ಆಕಾಶದಲ್ಲಿಲ್ಲ. ಕೇಬಲ್‌ನ ತುದಿಯಲ್ಲಿ ನೀರು ಕೂತಿದೆ, ಅದು ಆರುವವರೆಗೆ ಟಿವಿ ಇಲ್ಲ.

ಮೊದಲು ಬಾಕ್ಸಿನ ಪ್ಲಗ್ ತೆಗೆಯಿರಿ. ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ ಹೋಗುವ 13 ಅಥವಾ 18 ವೋಲ್ಟ್ ಇರುತ್ತದೆ. ನಡುತಂತಿಯೂ ಹೊರಜಾಲರಿಯೂ ತಾಗಿದರೆ ನಿಮಗೆ ಏನೂ ಆಗದು, ಬಾಕ್ಸಿಗೆ ಆಗಬಹುದು. ಆಮೇಲೆ ಎಲ್‌ಎನ್‌ಬಿಯ ಬಾಯಿಗೆ ಸಿಕ್ಕಿಸಿದ ಕೇಬಲ್ ಪಿನ್ ತಿರುಗಿಸಿ ತೆಗೆದು ನಡುತಂತಿಯ ಬಣ್ಣ ನೋಡಿ. ತಾಮ್ರದ ಕೆಂಪು ಇದ್ದರೆ ಸರಿ. ಕಪ್ಪಾಗಿದ್ದರೆ, ಹಸಿರು ಹಿಟ್ಟು ಕಟ್ಟಿದ್ದರೆ, ಪಿನ್ನಿನೊಳಗೆ ತೇವ ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಕೇಬಲ್ಲನ್ನು 10–15 ಸೆಂಟಿಮೀಟರ್ ಕತ್ತರಿಸಿ ಜಾಲರಿ ಹೊಳೆಯುತ್ತಿದೆಯೇ ನೋಡಿ. ಇನ್ನೂ ಕಪ್ಪಾಗಿದ್ದರೆ ಮತ್ತಷ್ಟು ಕತ್ತರಿಸಿ. ಒಂದು ಮೀಟರ್ ಹೋದರೂ ಕಪ್ಪೇ ಇದ್ದರೆ ನೀರು ಒಳಗೊಳಗೇ ಇಳಿದಿದೆ. ಆ ಕೇಬಲ್ ಉಳಿಸಿಕೊಳ್ಳಬೇಡಿ, ಹೊಸ ಆರ್‌ಜಿ 6 ಎಳೆಯಿರಿ. ಹೊಸ ಪಿನ್ ಹಾಕುವಾಗ ಹೊರಸಿಪ್ಪೆಯನ್ನು 12–13 ಮಿಲಿಮೀಟರ್ ಸುಲಿದು ಜಾಲರಿಯನ್ನು ಹಿಂದಕ್ಕೆ ಮಡಚಿ. ತುದಿಯ ಆರು ಮಿಲಿಮೀಟರಿನ ಬಿಳಿ ಫೋಮ್ ತೆಗೆದು ನಡುತಂತಿ ಬರಿದು ಮಾಡಿ. ಪಿನ್ ಒತ್ತಿದಾಗ ಫೋಮ್ ಪಿನ್ನಿನ ಒಳತಳಕ್ಕೆ ಸಮವಾಗಿ ಕೂರಬೇಕು, ತಂತಿ ಅಂಚಿನಿಂದ 2–3 ಮಿಲಿಮೀಟರ್ ಹೊರಗಿರಬೇಕು. ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಮಾಡಿದ ಕೆಲಸವೆಲ್ಲ ವ್ಯರ್ಥ. ತಿರುಗಿಸಿ ಹಾಕುವ ಅಗ್ಗದ ಪಿನ್ ನಮ್ಮ ಮಳೆಗೆ ಬಾಳದು. ಒತ್ತುಯಂತ್ರದಲ್ಲಿ ಕೂರಿಸುವ ಕಂಪ್ರೆಷನ್ ಪಿನ್ನಿಗೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದೇ ಒಳ್ಳೆಯದು.

ಕೊನೆಗೆ ಪಿನ್ನಿನ ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮಾಮೂಲಿ ಕಪ್ಪು ಇನ್ಸುಲೇಶನ್ ಟೇಪ್ ಒಂದು ಬೇಸಿಗೆಗೇ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ತೊಟ್ಟೆ ಕಟ್ಟುವವರಿದ್ದಾರೆ, ಅದರಲ್ಲಿ ನೀರು ನಿಂತು ಇದ್ದದ್ದೂ ಹಾಳಾಗುತ್ತದೆ. ಕೇಬಲ್ ಗೋಡೆಯೊಳಗೆ ನುಗ್ಗುವ ಮೊದಲು ಒಂದು ಗೇಣು ಕೆಳಕ್ಕೆ ಜೋತುಬೀಳುವ ಹಾಗೆ ಬಿಡಿ, ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗಲಿ.

ಇಷ್ಟಾದ ಮೇಲೂ ಸಣ್ಣ ಮಳೆಗೆ ಹೋದರೆ ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳ ಬಿರಿದಿದೆಯೇ ನೋಡಿ. ಬಿರಿದಿದ್ದರೆ ಮಾತ್ರ ಹೊಸ ಎಲ್‌ಎನ್‌ಬಿ. ಡಿಶ್ 60 ಸೆಂಟಿಮೀಟರಿನದಾಗಿದ್ದರೆ 90ಕ್ಕೆ ಹೋಗುವುದು ಇನ್ನೊಂದು ದಾರಿ. ಅದು ಎರಡೂಕಾಲು ಪಟ್ಟು ಸಿಗ್ನಲ್ ಹಿಡಿಯುತ್ತದೆ. ಆಟಿಯ ಧಾರಾಕಾರ ಮಳೆಗೆ ಅದೂ ಸೋಲುತ್ತದೆ, ಆದರೆ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದದ್ದು ಒಂದು ಸಲಕ್ಕೆ ಇಳಿದೀತು. ಡಬ್ಬಿಯ ಮೇಲೆ ‘0.1 ಡಿಬಿ’ (ಅದರ ಸ್ವಂತ ಗದ್ದಲದ ಅಳತೆ) ಎಂದು ಬರೆದ ಎಲ್‌ಎನ್‌ಬಿ ಮಳೆ ತಡೆಯುತ್ತದೆಂದು ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ.

ಪ್ರಶ್ನೆ: ನಾನೇ ಡಿಶ್ ಕೂರಿಸಿದೆ. ಸ್ಟ್ರೆಂಗ್ತ್ 85 ತೋರಿಸುತ್ತದೆ, ಕ್ವಾಲಿಟಿ ಸೊನ್ನೆ. ಒಂದು ಸಲ ಕ್ವಾಲಿಟಿ 60 ಬಂತು, ಆದರೂ ಒಂದು ಚಾನೆಲ್ಲೂ ಸಿಗಲಿಲ್ಲ. (ಉಪ್ಪಳ)

ಸ್ಟ್ರೆಂಗ್ತ್ ನೋಡಿ ಮೋಸಹೋಗಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಸಿಕ್ಕಿದೆ, ಕೇಬಲ್ ತುಂಡಾಗಿಲ್ಲ ಎಂಬುದಷ್ಟನ್ನೇ ಅದು ಹೇಳುತ್ತದೆ. ಡಿಶ್ಶನ್ನು ಬರಿಯ ಆಕಾಶಕ್ಕೆ ತಿರುಗಿಸಿದರೂ ಸ್ಟ್ರೆಂಗ್ತ್ ಬರುತ್ತದೆ. ಉಪಗ್ರಹ ಸಿಕ್ಕಿತೆಂದು ಹೇಳುವುದು ಕ್ವಾಲಿಟಿ ಒಂದೇ.

ಫ್ರೀ ಡಿಶ್ ಇರುವುದು ಜಿಸ್ಯಾಟ್-15 ಉಪಗ್ರಹದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕಾಸರಗೋಡಿನಿಂದ ಅದರ ದಿಕ್ಕು ಉತ್ತರದಿಂದ ಲೆಕ್ಕಹಾಕಿದರೆ 123 ಡಿಗ್ರಿ, ಅಂದರೆ ನೇರ ಪೂರ್ವದಿಂದ ದಕ್ಷಿಣದ ಕಡೆಗೆ 33 ಡಿಗ್ರಿ. ದಿಗಂತದಿಂದ ಎತ್ತರ 64 ಡಿಗ್ರಿ. ಫೋನಿನ ದಿಕ್ಸೂಚಿ ಸಾಕಾಗುತ್ತದೆ, ಆದರೆ ಕಬ್ಬಿಣದ ಡಿಶ್ಶಿನಿಂದ ಎರಡು ಮೀಟರ್ ದೂರ ನಿಂತು ನೋಡಿ, ಆ ದಿಕ್ಕಿನಲ್ಲಿ ದೂರದ ಒಂದು ಮರವನ್ನೋ ಕಂಬವನ್ನೋ ಗುರುತು ಮಾಡಿಕೊಳ್ಳಿ.

ನಿಮಗೆ ಬಂದ ಆ 60 ಪಕ್ಕದ ಮನೆಯದು! 93.5ರ ಎರಡೂ ಮಗ್ಗುಲಿಗೆ, 91.5ರಲ್ಲೂ 95ರಲ್ಲೂ ಬೇರೆ ಉಪಗ್ರಹಗಳಿವೆ, ಅವುಗಳಲ್ಲಿ ಬೇರೆ ಕಂಪನಿಗಳ ಬೀಗ ಹಾಕಿದ ಚಾನೆಲ್‌ಗಳು. 60 ಸೆಂಟಿಮೀಟರಿನ ಡಿಶ್ಶಿನಲ್ಲಿ ಒಂದು ಡಿಗ್ರಿ ಎಂದರೆ ಅಂಚು ಕೇವಲ ಅರ್ಧ ಸೆಂಟಿಮೀಟರ್ ಸರಿದ ಹಾಗೆ. ಬೋಲ್ಟನ್ನು ಅರೆಬರೆ ಬಿಗಿಮಾಡಿ ಡಿಶ್ಶನ್ನು ಒಂದು ಕೂದಲೆಳೆ ಸರಿಸಿ ಕೈಬಿಡಿ, ಮೂರು ಸೆಕೆಂಡ್ ಕಾಯಿರಿ. ಬಾಕ್ಸ್ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಸರಸರನೆ ತಿರುಗಿಸುವವರು ಉಪಗ್ರಹವನ್ನು ದಾಟಿಯೇ ಹೋಗುತ್ತಾರೆ. ಕ್ವಾಲಿಟಿ ಗರಿಷ್ಠಕ್ಕೆ ಬಂದ ಮೇಲೆ ಎಲ್‌ಎನ್‌ಬಿಯ ಕ್ಲಾಂಪ್ ಸಡಿಲಿಸಿ ಅದನ್ನು ಅದರ ಜಾಗದಲ್ಲೇ ಅತ್ತಿತ್ತ ನಿಧಾನ ತಿರುಗಿಸಿ. ಬಹಳ ಮಂದಿ ಮರೆಯುವುದು ಇದನ್ನೇ, ಹತ್ತು ಅಂಕ ಇಲ್ಲಿ ಸಿಗಬಹುದು. ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಎಲ್‌ಎನ್‌ಬಿ ‘ಯುನಿವರ್ಸಲ್ 9750/10600’ ಇರಲಿ. ಒಳಗೇ ಟ್ಯೂನರ್ ಇರುವ ಟಿವಿಯಾದರೆ ‘ಎಲ್‌ಎನ್‌ಬಿ ಪವರ್’ ಆನ್ ಆಗಿರಲಿ.

ಪ್ರಶ್ನೆ: ಮನೆಯ ಸುತ್ತ ತೆಂಗು, ಅಡಕೆ. ಯಾವ ಮರ ಅಡ್ಡ ಎಂದು ತಿಳಿಯುವುದು ಹೇಗೆ? ಫಲ ಕೊಡುವ ಮರ ಕಡಿಯಲು ಮನಸ್ಸಿಲ್ಲ. (ಪೆರ್ಲ)

ಕಡಿಯುವುದು ಬೇಡವೇ ಬೇಡ. ಡಿಶ್ಶಿನ ಮುಖ ನೋಡಿ ಅಂದಾಜು ಮಾಡಿದರೆ ತಪ್ಪುತ್ತದೆ, ಯಾಕೆಂದರೆ ನಮ್ಮ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ನೋಡಲಿಕ್ಕೆ 40 ಡಿಗ್ರಿಯಷ್ಟು ಮಾತ್ರ ಅಂಗಾತವಾದ ಹಾಗೆ ಕಂಡರೂ ನಿಜವಾಗಿ 64 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತವೆ. ಹಾಗಾಗಿ ಲೆಕ್ಕ ಸುಲಭ: ಮರ ಎಷ್ಟು ದೂರದಲ್ಲಿದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ಡಿಶ್ಶಿನ ಮಟ್ಟದಿಂದ ಮೇಲೆದ್ದಿದ್ದರೆ ಮಾತ್ರ ಅಡ್ಡ. ಐದು ಮೀಟರ್ ದೂರದ ತೆಂಗು ಡಿಶ್ಶಿಗಿಂತ ಹತ್ತು ಮೀಟರ್ ಎತ್ತರ ಹೋಗದಿದ್ದರೆ ತೊಂದರೆಯಿಲ್ಲ. ಉಪಗ್ರಹದ ಕಡೆಗಿನ, ಆಗ್ನೇಯದ ಕಿರಿದಾದ ಪಟ್ಟಿಯ ಹೊರಗಿನ ಮರಗಳ ಚಿಂತೆಯೇ ಬೇಡ.

ಸೂರ್ಯನೇ ಬಂದು ತೋರಿಸುವ ದಿನಗಳೂ ಇವೆ. ಮಾರ್ಚ್ 15ರ ಆಸುಪಾಸು ಬೆಳಿಗ್ಗೆ 11.10ರ ಹೊತ್ತಿಗೆ, ಸೆಪ್ಟೆಂಬರ್ 28ರ ಆಸುಪಾಸು 10.55ರ ಹೊತ್ತಿಗೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಇರುತ್ತಾನೆ. ಆಗ ಡಿಶ್ಶಿನ ಮೇಲೆ ಮಡಲಿನ ನೆರಳು ಬಿದ್ದರೆ ಆ ಮಡಲೇ ಅಡ್ಡ. ಆ ಒಂದನ್ನು ಇಳಿಸಿದರೆ ಸಾಕು, ಇಲ್ಲವೇ ನೆರಳಿಲ್ಲದ ಕಡೆಗೆ ಡಿಶ್ಶನ್ನೇ ಎರಡು ಮೀಟರ್ ಸರಿಸಿ. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋದರೆ ಗಾಬರಿ ಬೇಡ, ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗುತ್ತದೆ ಅಷ್ಟೆ. ಅದಕ್ಕೆ ಡಿಶ್ ತಿರುಗಿಸಲು ಹೋಗಬೇಡಿ.

ಪ್ರಶ್ನೆ: ಗಾಳಿ ಬೀಸಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಎಷ್ಟು ಸಲ ಬಿಗಿ ಮಾಡಿದರೂ ಅಷ್ಟೆ. (ಕುಂಬಳೆ)

ಡಿಶ್ಶಿನ ಅಂಚು ಹಿಡಿದು ಮೆಲ್ಲ ಅಲ್ಲಾಡಿಸಿ. ತಟ್ಟೆ ಅಲುಗಿದರೆ ಹಿಂದಿನ ಬೋಲ್ಟ್ ಸಡಿಲ. ಕಂಬವೇ ಅಲುಗಿದರೆ ಬುಡದಲ್ಲಿ ತಪ್ಪಿದೆ, ನಿಮ್ಮದು ಎರಡನೆಯದೇ ಇರಬೇಕು. ನಮ್ಮ ಕೆಂಪುಕಲ್ಲಿನ ಗೋಡೆಯಲ್ಲಿ ಆಂಕರ್ ಬೋಲ್ಟ್ ನಿಲ್ಲುವುದಿಲ್ಲ. ಕಾಂಕ್ರೀಟಿನಲ್ಲಿ ಅದು ಹಿಗ್ಗಿ ಕಚ್ಚಿಕೊಳ್ಳುತ್ತದೆ, ಈ ಮುರಕಲ್ಲಿನಲ್ಲಿ ಹಿಗ್ಗಿದಷ್ಟೂ ಕಲ್ಲು ಪುಡಿಯಾಗಿ ತೂತು ದೊಡ್ಡದಾಗುತ್ತದೆ. ನೀವು ಬಿಗಿ ಮಾಡಿದಷ್ಟೂ ಸಡಿಲವಾಗುತ್ತಿರುವುದು ಅದಕ್ಕೇ. ಟೆರೇಸಿನ ಕಾಂಕ್ರೀಟಿಗೆ ಸ್ಥಳ ಬದಲಿಸಿ. ಹಂಚಿನ ಮಾಡಾದರೆ ಅಂಗಳದಲ್ಲಿ ಗುಂಡಿ ತೆಗೆದು ಎರಡಿಂಚು ಜಿಐ ಪೈಪನ್ನು ಎರಡಡಿ ಆಳಕ್ಕೆ ಕಾಂಕ್ರೀಟ್ ಹಾಕಿ ನಿಲ್ಲಿಸಿ. ಪೈಪ್ ಲಂಬವಾಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ. ಕಡಲಿನ ಉಪ್ಪುಗಾಳಿಗೆ ಮಾಮೂಲಿ ನಟ್ಟು ಎರಡು ಮಳೆಗಾಲದಲ್ಲಿ ತುಕ್ಕು ತಿಂದುಹೋಗುತ್ತದೆ, ಸ್ಟೀಲಿನದು ಹಾಕಿ ಗ್ರೀಸ್ ಸವರಿ.

ಪ್ರಶ್ನೆ: ಒಂದು ಡಿಶ್ಶಿನಿಂದ ಎರಡು ಟಿವಿಗೆ ಕೊಡಲು ಕೇಬಲ್ ಟಿವಿಯ ಸ್ಪ್ಲಿಟರ್ ಹಾಕಿದೆವು. ಒಂದರಲ್ಲಿ ಬಂದರೆ ಇನ್ನೊಂದರಲ್ಲಿ ಇಲ್ಲ. (ಮುಳ್ಳೇರಿಯ)

ಸ್ಪ್ಲಿಟರ್ ತೆಗೆಯಿರಿ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬ ಅಲೆಗಳನ್ನು, 18 ಕಳಿಸಿದರೆ ಅಡ್ಡ ಅಲೆಗಳನ್ನು ಹಿಡಿಯುತ್ತದೆ. ಎರಡು ಬಾಕ್ಸ್ ಎರಡು ಥರ ಹೇಳಿದರೆ ಪಾಪ, ಅದೇನು ಮಾಡೀತು? ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ.

ಪ್ರಶ್ನೆ: ಡಿಟಿಎಚ್‌ನವರು ನಮ್ಮ ವಿಳಾಸ ಕೇಳಿದೊಡನೆ ಮಲಯಾಳಂ ಪ್ಯಾಕ್ ಹಾಕುತ್ತಾರೆ. ನಮಗೆ ಕನ್ನಡ ಚಾನೆಲ್ ಬೇಕು. (ಮಂಜೇಶ್ವರ)

ಪಿನ್‌ಕೋಡ್ 671 ಎಂದೊಡನೆ ಕೇರಳದ ಪ್ಯಾಕ್ ತೆರೆದುಕೊಳ್ಳುತ್ತದೆ, ಅಷ್ಟಕ್ಕೆ ಒಪ್ಪಿಕೊಳ್ಳಬೇಕಾಗಿಲ್ಲ. ಉಪಗ್ರಹಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ಕನ್ನಡ ಚಾನೆಲ್‌ಗಳು ನಿಮ್ಮ ಡಿಶ್ಶಿಗೆ ಈಗಾಗಲೇ ಇಳಿಯುತ್ತಿವೆ, ತೆರೆಯುವುದಷ್ಟೇ ಬಾಕಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2019ರ ಫೆಬ್ರವರಿಯಿಂದ ನಡೆಯುತ್ತಿರುವ ವ್ಯವಸ್ಥೆಯಲ್ಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಿಮಗಿದೆ. ಬೇಕಾದ ಚಾನೆಲ್‌ಗಳ ನಂಬರ್ ಬರೆದಿಟ್ಟುಕೊಂಡು ಕಂಪನಿಯ ಆ್ಯಪಿನಲ್ಲಿ ನೀವೇ ಆರಿಸಿ. ಫೋನಿನಲ್ಲಾದರೆ ‘ಪ್ಯಾಕ್ ಬೇಡ, ಬಿಡಿ ಚಾನೆಲ್’ ಎಂದು ಮೊದಲೇ ಹೇಳಿಬಿಡಿ. ದೂರದರ್ಶನ ಚಂದನ ಮಾತ್ರ ಸಾಕು ಎನ್ನುವವರಿಗೆ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಂಪೆಗ್-4 ಚಾನೆಲ್‌ಗಳು ಮೂಡುವುದಿಲ್ಲ, ಕೊಳ್ಳುವಾಗ ಎಂಪೆಗ್-4 ಎಂದು ಕೇಳಿಯೇ ಕೊಳ್ಳಿ.

ಪ್ರಶ್ನೆ: ಮಾಡಿನ ಮೇಲೆ ಹಳೆಯ ಅಲ್ಯುಮಿನಿಯಂ ಕಡ್ಡಿ ಆಂಟೆನಾ ಇದೆ. ಉಪಯೋಗ ಉಂಟೇ? (ಅಡೂರು)

ಇಲ್ಲ. ದೂರದರ್ಶನದ ಹಳೆಯ ಅನಲಾಗ್ ಟವರ್‌ಗಳು ಕೆಲವೇ ಕೆಲವನ್ನು ಬಿಟ್ಟು 2022ರ ಮಾರ್ಚ್ ಹೊತ್ತಿಗೆ ಮುಚ್ಚಿದವು. ಇಳಿಸಿಬಿಡಿ, ಆ ಕಂಬ ಗಟ್ಟಿಯಿದ್ದರೆ ಡಿಶ್ಶಿಗಾಯಿತು.

ಪ್ರಶ್ನೆ: ಗುಡುಗು ಬಂದಾಗ ಸ್ವಿಚ್ ಆಫ್ ಮಾಡಿದರೂ ಬಾಕ್ಸ್ ಸುಟ್ಟುಹೋಯಿತು. ಯಾಕೆ? (ದೇಲಂಪಾಡಿ)

ಸಿಡಿಲು ಬಂದದ್ದು ಡಿಶ್ಶಿನ ಕೇಬಲ್‌ನಿಂದ, ಸ್ವಿಚ್ ಅದನ್ನು ತಡೆಯಲಾರದು. ಮೋಡ ಕಟ್ಟುವಾಗಲೇ ಪ್ಲಗ್ ಕೀಳಿ, ಬಾಕ್ಸಿನ ಹಿಂದಿನ ಕೇಬಲ್ ಪಿನ್ನನ್ನೂ ತಿರುಗಿಸಿ ತೆಗೆದು ಬಾಕ್ಸಿನಿಂದ ದೂರ ಇಡಿ. ಗುಡುಗು ಶುರುವಾದ ಮೇಲೆ ಅದಕ್ಕೆ ಕೈ ಹಾಕಬೇಡಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಸಂಜೆಗಳಲ್ಲಿ ಮನೆ ಬಿಟ್ಟು ಹೋಗುವವರು ಈ ಎರಡನ್ನೂ ಮೊದಲೇ ಕಳಚಿಟ್ಟು ಹೊರಡಿ.